ಅಪ್ಪ ಕೂಗುವ ತನಕ

ಉದ್ದನಪಲ್ಲಿಯ ನಮ್ಮ ಮನೆಯಲ್ಲಿ ರಾಗಿ ತೆನೆ ಕಟ್ಟಿದ ಮೇಲೆ ಒಂದು ಕಟ್ಟುನಿಟ್ಟು. ಹೊಲದ ಕಡೆ ಪಟಾಕಿ ಸದ್ದಾಯಿತೆಂದರೆ ಆನೆ ಬಂದಿದೆ ಎಂದರ್ಥ. ಮಕ್ಕಳು ಒಳಗೆ ಹೋಗಬೇಕು, ಅಪ್ಪ ಕೂಗುವ ತನಕ ಹೊರಗೆ ಬರಕೂಡದು. ನನ್ನ ಏಳು ವರ್ಷದ ಮಗಳಿಗೆ ಇದನ್ನು ಬೈದು ಬೈದು ಕಲಿಸಿದವಳು ನಾನೇ.

ಆ ಭಾನುವಾರ ಯಜಮಾನರು, ಅತ್ತೆ, ಮಗಳ ಜೊತೆ ನಾಟ್ರಾಂಪಾಳ್ಯದ ಕಡೆಯ ಬೆಟ್ಟಕ್ಕೆ ಹೋಗಿದ್ದೆ. ಹಟ ಹಿಡಿದು ಹೊರಡಿಸಿದವಳೂ ನಾನೇ. ಅಲ್ಲಿ ಬಂಡೆಯ ಮೇಲೆ ಹಳೆಗಾಲದ ಕಲ್ಲುಮನೆಗಳಿವೆ. ಸುತ್ತಲಿನವರು ಪಾಂಡವರ ಮನೆ ಎನ್ನುತ್ತಾರೆ. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದೆ ದುಂಡನೆಯ ಕಿಂಡಿ. ಎದುರಿಗೆ ಬೆಟ್ಟದ ಹಿಂದೆ ಬೆಟ್ಟ. ನಾನು ಅದನ್ನೇ ನೋಡುತ್ತ ನಿಂತಿದ್ದಾಗ ಮಗಳು ಕಿಂಡಿಯಲ್ಲಿ ನುಸುಳಿ ಒಳಗೆ ಕೂತಿದ್ದಳು.

ಕೆಳಗಿನ ಪೊದೆಯಲ್ಲಿ ಕೊಂಬೆ ಮುರಿದ ಸದ್ದು. ಆನೆಯ ಬೆನ್ನು ಕಂಡಿತು. ಯಜಮಾನರು ಹಿಂದುಮುಂದು ನೋಡಲಿಲ್ಲ. ಚೀಲದಲ್ಲಿ ಸದಾ ಇರುವ ಪಟಾಕಿ ತೆಗೆದು ಹಚ್ಚಿ ಎಸೆದೇಬಿಟ್ಟರು. ಹೊಲದಲ್ಲಾದರೆ ಆನೆ ಕಾಡಿಗೆ ಓಡುತ್ತದೆ. ಇಲ್ಲಿ ಕಾಡು ಇದ್ದದ್ದು ನಮ್ಮ ಬೆನ್ನ ಹಿಂದೆ. ಮಹಾನುಭಾವರಿಗೆ ಅದು ಹೊಳೆಯಲಿಲ್ಲ. ಆನೆ ನೇರವಾಗಿ ನಮ್ಮ ಕಡೆಗೇ ಹತ್ತಿ ಬಂತು.

ಅತ್ತೆ ನನ್ನ ರಟ್ಟೆ ಹಿಡಿದು ಬಂಡೆಯ ಮರೆಗೆ ಎಳೆದರು. ಮಗಳನ್ನು ಕರೆಯಲು ಬಾಯಿ ತೆರೆದೆ. ಅವರ ಕೈ ನನ್ನ ಬಾಯಿ ಮುಚ್ಚಿತು.

“ಕೂಗ್ಬ್ಯಾಡ ಕಣಮ್ಮಿ. ನೀನ್ ಕೂಗುದ್ರೆ ಮಗು ಆಚೀಕ್ ಬಂದ್ಬುಡ್ತದೆ.”

ಆನೆ ಕಲ್ಲುಮನೆಯ ಮುಂದೆ ನಿಂತಿತು. ಸೊಂಡಿಲು ಕಿಂಡಿಯ ಬಳಿ ಆಡಿತು. ಒಳಗಿನಿಂದ ಒಂದು ಕೆಮ್ಮು ಬಂದರೂ ಮುಗಿಯಿತು ಎಂದುಕೊಂಡೆ. ಯಾವ ದೇವರಿಗೆ ಹರಕೆ ಹೊತ್ತೆನೋ ಈಗ ನೆನಪಿಲ್ಲ. ಕೊನೆಗೆ ಅದು ನಮ್ಮನ್ನು ದಾಟಿ ಕಾಡಿನೊಳಗೆ ಹೋಯಿತು.

ಓಡಿಹೋಗಿ ಕಿಂಡಿಯ ಮುಂದೆ ಕುಕ್ಕರಿಸಿದೆ. ಕತ್ತಲಲ್ಲಿ ಎರಡು ಕಣ್ಣು ಮಾತ್ರ ಕಂಡವು.

“ಬಾರಮ್ಮಿ, ಆನೆ ಹೊಂಟೋಯ್ತು,” ಎಂದೆ. ಅವಳು ಅಲ್ಲಾಡಲಿಲ್ಲ.

“ಅಪ್ಪ ಇನ್ನೂ ಕೂಗ್ಲಿಲ್ಲ,” ಎಂದು ಪಿಸುಗುಟ್ಟಿದಳು. “ಅಪ್ಪ ಕೂಗೋಗಂಟ ಬರಬ್ಯಾಡ ಅಂತ ನೀನೇ ಹೇಳಿದ್ದೆ.”

ತಿರುಗಿ ನೋಡಿದೆ. ಯಜಮಾನರು ಬಂಡೆಗೆ ಒರಗಿ ನಿಂತಿದ್ದರು. ಬೈಯಲು ಬಾಯಿ ತುಂಬ ಮಾತಿತ್ತು, ಆದರೆ “ಕೂಗಿ ಅವಳ್ನ” ಎಂದಷ್ಟೇ ಅಂದೆ. ಹೊಲದ ಆ ತುದಿಯಿಂದ ಮನೆಗೆ ಕೇಳಿಸುವ ಗಂಟಲು ಅವರದು. ಬಾಯಿ ತೆರೆದರು, ಒಂದಕ್ಷರವೂ ಹೊರಡಲಿಲ್ಲ. ಹತ್ತಿರ ಬಂದು ಕಿಂಡಿಯೊಳಗೆ ಕೈ ಚಾಚಿದರು. ಸೊಂಡಿಲು ಆಡಿದ ಕಡೆಯೇ ಆ ಕೈ ತಡಕಾಡಿತು. ಮಗಳು ಅದನ್ನು ನೋಡಿದಳು, ಹಿಡಿಯಲಿಲ್ಲ. ಇನ್ನಷ್ಟು ಒಳಕ್ಕೆ ಸರಿದಳು.