ಅಶ್ವತ್ಥಮ್ಮ ಕೇಳಿದ ಅರ್ಥ

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಒಬ್ಬಳೇ ಇರುವ ಅಶ್ವತ್ಥಮ್ಮ ಏಳನೇ ಕ್ಲಾಸಿನವರೆಗೆ ಓದಿದವಳು. ಇಂಗ್ಲಿಷ್ ಅಕ್ಷರಗಳು ಗೊತ್ತು. ಅರ್ಥ ಗೊತ್ತಿದ್ದುದು ಒಂದೇ ಪದದ್ದು. ಗಂಡ ಕೋದಂಡಪ್ಪ ಉಬ್ಬಸದಿಂದ ನರಳಿ ತೀರಿಕೊಂಡು ಹದಿನೈದು ವರ್ಷ. ಅಂದಿನಿಂದ ಅವಳ ಪ್ರತಿ ಕಾಗದದ ಮೇಲೂ ಯಾರಾದರೊಬ್ಬರು ‘ವಿಡೋ’ ಎಂದು ಬರೆಯುತ್ತಲೇ ಬಂದಿದ್ದರು.

ಈ ವರ್ಷ ಚಾವಣಿಯ ಶೀಟು ಬಿರುಕುಬಿಟ್ಟಿತು. ಬಂಗಾರಪೇಟೆಯ ಒಂದು ಟ್ರಸ್ಟಿನವರು ಹೊಸ ಶೀಟು ಹಾಕಿಸುತ್ತಾರೆಂದು ಕೇಳಿ, ಅರ್ಜಿ ತಂದು ತಾನೇ ತುಂಬಲು ಕೂತಳು. ಮತ್ತೊಬ್ಬರ ಕೈಕಾಲು ಹಿಡಿದು ಸಾಕಾಗಿತ್ತು. ಒಂದು ಕಡೆ ಡಬ್ಲ್ಯು, ಐ, ಡಿ ಎಂದು ಶುರುವಾಗುವ ಪದ ಕಂಡಿತು. ಎದುರಿಗೆ ‘ಹೌದು’ ಎಂದು ಬರೆದಳು.

ಬಸ್ಸಿನಲ್ಲಿ ನಿಂತೇ ಬಂಗಾರಪೇಟೆಗೆ ಹೋದಳು. ಟ್ರಸ್ಟಿನ ಹುಡುಗಿ ಅಂಬಿಕ ಅರ್ಜಿ ನೋಡಿ ತಲೆಯೆತ್ತಿದಳು.

“ಅಮ್ಮಾ, ಇಲ್ಲಿ ಹೌದು ಅಂತ ಯಾಕೆ ಬರ್ದ್ರಿ?”

“ವಿಡೋ ಅಲ್ವೇನಮ್ಮ ಅದು?”

ಅಂಬಿಕ ನಗಲಿಲ್ಲ. “ಇದು ವಿಡ್ತ್ ಅಮ್ಮಾ. ಅಂದ್ರೆ ಅಗಲ. ಚಾವಣಿ ಎಷ್ಟಗಲ ಐತೆ ಅಂತ ಕೇಳಿರೋದು.”

“ಅಂಗಾದ್ರೆ ವಿಡೋ ಎಲ್ಲೈತೆ?”

“ಈ ಫಾರಂನಲ್ಲಿ ಅದನ್ನ ಕೇಳೇ ಇಲ್ಲ.”

ಅಶ್ವತ್ಥಮ್ಮ ಕುರ್ಚಿಗೆ ಒರಗಿದಳು. ಅದನ್ನು ಕೇಳದೆಯೂ ಕೊಡುವವರಿದ್ದಾರೆಂದು ನಂಬುವುದಕ್ಕೆ ಹೊತ್ತು ಹಿಡಿಯಿತು.

“ಎಂಡ್ತಿ ಸತ್ತ ಗಂಡಸ್ರಿಗೂ ಇಂಥ ಪದ ಐತಾ?”

“ಐತೆ. ವಿಡೋವರ್ ಅಂತಾರೆ.”

“ನಮ್ಮ ಲೈನಲ್ಲಿ ಅಂಥೋರು ನಾಕು ಜನ ಅವ್ರೆ. ಯಾರೂ ಅವ್ರನ್ನ ಅಂಗಂತ ಕರ್ದಿದ್ದು ಕೇಳಿಲ್ಲಮ್ಮ.”

ಅಂಬಿಕ ‘ಹೌದು’ ಎಂಬುದನ್ನು ಹೊಡೆದುಹಾಕಿ, ಅಳತೆ ತಿಳಿಸಲು ಫೋನ್ ನಂಬರು ಬರೆದುಕೊಟ್ಟಳು.

ಮನೆಗೆ ಬಂದವಳೇ ಪಕ್ಕದ ಮನೆಯ ಸುಕನ್ಯಳನ್ನು ಕರೆದು ಟೇಪು ಹಿಡಿಸಿದಳು.

“ಅತ್ತೂವರೆ ಅಡಿ ಕಣಕ್ಕ,” ಎಂದಳು ಸುಕನ್ಯ.

“ಇಷ್ಟೇನಾ? ಅವ್ರಿದ್ದಾಗ ಇದ್ರಲ್ಲೇ ಐದು ಜನ ಬಾಳಾಟ ಮಾಡಿದ್ವಲ್ಲೇ.”

ಸುಕನ್ಯಳೇ ಫೋನ್ ಮಾಡಿ ಅಳತೆ ಹೇಳಿದಳು. ಮೂರು ವಾರಕ್ಕೆ ಶೀಟು ಬಂತು. ಒಂದೇ ದಿನದಲ್ಲಿ ಹಾಕಿ ಮುಗಿಸಿದರು. ಕೆಲಸದವರು ಹೋದ ಮೇಲೆ ನೆಲ ಗುಡಿಸುವ ತ್ರಾಣ ಅಶ್ವತ್ಥಮ್ಮನಿಗೆ ಇರಲಿಲ್ಲ. ಧೂಳಿನ ಮೇಲೇ ಚಾಪೆ ಹಾಸಿ, ಸಂಜೆಯ ಬಿಸಿಲು ಇನ್ನೂ ಹೊಸಿಲಲ್ಲಿ ಇರುವಾಗಲೇ ನಿದ್ದೆಹೋದಳು.