ಮಾವಶಿಯ ಸಕ್ಕರೆ ಕಾಯಿಲೆ

ಮೊನ್ನೆ ಹಳಿಯಾಳದ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯಲು ಕೂತಿದ್ದೆ. ಗಿರಾಕಿಗಳ ಗದ್ದಲದಲ್ಲಿ ಅಂಗಡಿಯವನು ನನ್ನ ಗ್ಲಾಸಿಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದ. ಒಂದು ಗುಟುಕು ಒಳಗೆ ಹೋದದ್ದೇ ತಡ, ನಾಲಿಗೆಯ ಮೇಲೆ ಒಗರು ಕೂತಿತು. ಅದರ ಹಿಂದೆಯೇ ದಾಂಡೇಲಿಯ ಅಂಬೇವಾಡಿ ಬಂತು, ನಮ್ಮ ಓಣಿ ಬಂತು, ಮಗ್ಗುಲ ಮನೆಯ ಮಾವಶಿ ಬಂದಳು...

ಮಾವಶಿ ಎಂದರೆ ತಾಯಿಯ ತಂಗಿ. ಆಕೆ ನನ್ನ ತಾಯಿಗೆ ಏನೂ ಆಗಬೇಕಿರಲಿಲ್ಲ, ಆದರೂ ಇಡೀ ಓಣಿಗೆ ಮಾವಶಿ. ಮನೆಮಾತು ಮರಾಠಿ, ಬೈಗುಳ ಮಾತ್ರ ಶುದ್ಧ ಕನ್ನಡ. ಗಂಡ ಊರಿನ ಕಾಗದದ ಕಾರ್ಖಾನೆಯಲ್ಲಿ ಬಿದಿರು ಕತ್ತರಿಸುವ ಕಡೆ ಕೆಲಸಕ್ಕಿದ್ದರು; ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಒಬ್ಬಳೇ ಮಗಳು.

ನನಗಾಗ ಓದು ಒಂದನ್ನು ಬಿಟ್ಟು ಎಲ್ಲ ಬರುತ್ತಿತ್ತು. ಪಾಳಿ ಬದಲಾಗುವಾಗಿನ ಕಾರ್ಖಾನೆಯ ಭೋಂಗಾದ ಹಾಗೆ ಕೂಗುತ್ತಿದ್ದೆ, ಹೆಡ್ ಮಾಸ್ತರರ ಕೆಮ್ಮು ಕೆಮ್ಮುತ್ತಿದ್ದೆ, ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಬರುವ ನನ್ನದೇ ನಡಿಗೆಯನ್ನು ನಡೆದು ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಆದರೆ ಎಲ್ಲರೂ ಕೇಳಿ ಮಾಡಿಸುತ್ತಿದ್ದ ಆಟ ಮಾವಶಿಯದು. ಯಾರ ಮನೆಗೆ ಹೋದರೂ ಆಕೆ ಚಹಾದ ಕಪ್ಪಿನ ಮೇಲೆ ಅಂಗೈ ಮುಚ್ಚಿ, ಕುತ್ತಿಗೆಯನ್ನು ಸ್ವಲ್ಪ ವಾರೆ ಮಾಡಿ, ಬಡ್ತಿ ಸಿಕ್ಕವರ ಹಾಗೆ ಹೇಳುತ್ತಿದ್ದಳು: “ಬ್ಯಾಡವಾ, ನನಗ ಸಕ್ಕರಿ ಐತಿ.”

ಬಡ್ತಿಯೇ ಅದು. ಕೂಲಿಯವರು, ಲಾರಿಯವರು, ಬಿದಿರು ಹೊರುವವರು ಇದ್ದ ನಮ್ಮ ಓಣಿಯಲ್ಲಿ ನೆಗಡಿ, ಕೆಮ್ಮು, ಮಲೇರಿಯಾ ಬಿಟ್ಟರೆ ಬೇರೆ ರೋಗವಿರಲಿಲ್ಲ. ಸಕ್ಕರೆ ಕಾಯಿಲೆ ಸಾಹೇಬರ ಬಂಗಲೆಗಳಲ್ಲಿ ಇರುವಂಥದ್ದು. ಅದು ನಮ್ಮ ಓಣಿಗೆ ಬಂದದ್ದು ನಮಗೆಲ್ಲ ಒಳಗೊಳಗೆ ಹೆಮ್ಮೆ. ನನ್ನ ತಾಯಿ ಹೋಳಿಗೆ ಮಾಡಿದ ದಿನ ಮಾವಶಿಗೆ ಬೇರೆಯಾಗಿ ಖಾರದ ರೊಟ್ಟಿ ಬಡಿದು ಕೊಡುತ್ತಿದ್ದಳು. ಮಾವಶಿ ಅದನ್ನು ತಿನ್ನುತ್ತ ನಮ್ಮ ಹೋಳಿಗೆಯನ್ನು ನೋಡುತ್ತಿದ್ದಳು. ಆ ನೋಟವನ್ನೂ ನಾನು ಮಾಡಿ ತೋರಿಸುತ್ತಿದ್ದೆ. ಆಕೆಯೇ ಹೊಟ್ಟೆ ಹಿಡಿದು ನಕ್ಕು, ಇನ್ನೊಮ್ಮೆ ಮಾಡು ಅನ್ನುತ್ತಿದ್ದಳು.

ಆಗ ನಮಗೆ ಗೊತ್ತಿರದಿದ್ದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮಾವಶಿಗೆ ಸಕ್ಕರೆ ಇರಲಿಲ್ಲ. ಕಾಯಿಲೆ ಕಾಕಾರದು, ತಲೆಗೆ ಸಂಬಂಧಪಟ್ಟದ್ದು. ಗೋಡೆಯ ಕಡೆ ತಿರುಗಿ ಯಾರಿಗೋ ಉತ್ತರ ಕೊಡುತ್ತಿದ್ದರಂತೆ, ನಿದ್ದೆ ಬಿಟ್ಟು ಅಡ್ಡಾಡುತ್ತಿದ್ದರಂತೆ. ಧಾರವಾಡದ ಗುಳಿಗೆ ಹೊಟ್ಟೆಗೆ ಬಿದ್ದರೆ ಎಲ್ಲರ ಹಾಗೆ ಪಾಳಿಗೆ ಹೋಗಿ, ಎಲ್ಲರ ಹಾಗೆ ಊಟ ಮಾಡಿ ಮಲಗುವ ಮನುಷ್ಯ. ಪ್ರತಿ ತಿಂಗಳು ಗಂಡ ಹೆಂಡತಿ ಕೂಡಿ ಧಾರವಾಡದ ಬಸ್ಸು ಹತ್ತಬೇಕಿತ್ತು. ಆದರೆ ನಮ್ಮ ಕಡೆ ‘ಧಾರವಾಡಕ್ಕೆ ಹೋಗಿ ಬಂದವರು’ ಎಂದರೆ ಒಂದೇ ಅರ್ಥ, ಅಲ್ಲಿಯ ಹುಚ್ಚಾಸ್ಪತ್ರೆ. ಆ ಮಾತು ಬಿದ್ದ ಮನೆಯ ಹೆಣ್ಣನ್ನು ಯಾರೂ ತಂದುಕೊಳ್ಳುವುದಿಲ್ಲ. ಮಗಳು ದೊಡ್ಡವಳಾಗಿದ್ದಳು. ಹಾಗಾಗಿ ಮಾವಶಿ ಗಂಡನ ರೋಗವನ್ನು ತನ್ನ ಮೈಮೇಲೆ ಎಳೆದುಕೊಂಡು, ಅದಕ್ಕೊಂದು ಮರ್ಯಾದೆಯ ಹೆಸರಿಟ್ಟಳು. ಹೆಸರು ಇಟ್ಟ ಮೇಲೆ ನಿಭಾಯಿಸಬೇಕಲ್ಲ... ವರ್ಷಗಟ್ಟಲೆ ಒಗರು ಚಹಾ ಕುಡಿದಳು.

ಕೊನೆಗೂ ಹಳಿಯಾಳದ ಕಡೆಯ ಒಂದು ಸಂಬಂಧ ಕುದುರಿತು. ಸಾಕರಪುಡಾ, ಅಂದರೆ ಹುಡುಗಿಯ ಕೈಗೆ ಸಕ್ಕರೆ ಪೊಟ್ಟಣ ಕೊಟ್ಟು ಮದುವೆ ಗಟ್ಟಿ ಮಾಡುವ ಶಾಸ್ತ್ರ, ಮುಂದಿನ ತಿಂಗಳಿಗೆ ಗೊತ್ತಾಯಿತು. ಮಾವಶಿ ರೇಷನ್ನಿನ ಸಕ್ಕರೆಯನ್ನು ಡಬ್ಬಿಯಲ್ಲಿ ಕೂಡಿಡತೊಡಗಿದಳು. ಸಕ್ಕರೆ ತಿನ್ನದವರ ಮನೆಯಲ್ಲಿ ಕೂಡಿಡುವುದು ಸುಲಭ ಎಂದು ನಾನೇ ಜೋಕು ಹೊಡೆದಿದ್ದೆ.

ಅದೇ ಹೊತ್ತಿಗೆ ಎಲ್ಲಿಯದೋ ವೈದ್ಯಕೀಯ ಕಾಲೇಜಿನವರು ಓಣಿಗೆ ಬಂದರು. ಸಕ್ಕರೆ, ರಕ್ತದೊತ್ತಡದಂಥ ದೀರ್ಘ ಕಾಲದ ಕಾಯಿಲೆ ಇರುವ ಮನೆಗಳಲ್ಲಿ ಏನು ಖರ್ಚಾಗುತ್ತದೆ, ಆ ಖರ್ಚಿಗೆ ಏನು ಮಾರುತ್ತಾರೆ ಎಂಬುದರ ಸಂಶೋಧನೆ ಅವರದು. ತಂಡದ ಡಾಕ್ಟರು ಎಳೆಯ ವಯಸ್ಸಿನವರು, ಮೈಸೂರು ಕಡೆಯ ನಯವಾದ ಮಾತು. ಅರ್ಧ ತಾಸಿನಲ್ಲಿ ಅವರ ಮಾತು ನನ್ನ ಬಾಯಿಗೆ ಬಂದಿತ್ತು. ಓಣಿಯವರೆಲ್ಲ ಅವರನ್ನು ಮೆರವಣಿಗೆಯ ಹಾಗೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಮಾವಶಿಯ ಕಟ್ಟೆಯ ಮುಂದೆ. ನಮ್ಮಲ್ಲಿ ಇದ್ದ ಒಂದೇ ದೊಡ್ಡ ರೋಗ ಅದು, ತೋರಿಸದೆ ಬಿಡುತ್ತೇವೆಯೇ?

ಮಾವಶಿ ಎಲ್ಲ ಹೇಳಿದಳು. ಬಸ್ಸಿನ ಖರ್ಚು, ಗುಳಿಗೆಯ ಖರ್ಚು, ಹೋದ ದಿನ ತಪ್ಪುವ ಪಾಳಿ, ಮೊದಲು ಮಾರಿದ ಹೊಲಿಗೆ ಯಂತ್ರ, ಆಮೇಲೆ ಕೊರಳಿನ ಬೋರಮಾಳ. ಅಷ್ಟು ವರ್ಷ ಯಾರೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ಮುಖ ಹಗುರಾಯಿತು. ಡಾಕ್ಟರು ಬರೆದುಕೊಂಡು ಮುಗಿಸಿ, ಪುಣ್ಯದ ಕೆಲಸ ಎಂಬಂತೆ, ಮೂತ್ರ ಪರೀಕ್ಷೆಯನ್ನೂ ಇಲ್ಲೇ ಪುಕ್ಕಟೆ ಮಾಡಿಬಿಡುತ್ತೇನೆ ಎಂದು ಒಂದು ಸಣ್ಣ ಬಾಟಲಿ ಕೈಗಿಟ್ಟರು. ಬೇಡ ಅನ್ನುವುದಕ್ಕೆ ದಾರಿಯಿರಲಿಲ್ಲ. ಓಣಿಯೆಲ್ಲ ನಿಂತಿತ್ತು.

ಮಾವಶಿ ಒಳಗೆ ಹೋದವಳು ಹೊರಗೆ ಬರಲು ತಡ ಮಾಡಿದಳು. ಬಾಟಲಿಯನ್ನು ಕಟ್ಟೆಯ ಮೇಲಿಟ್ಟ ಸ್ವಲ್ಪ ಹೊತ್ತಿಗೇ ಇರುವೆಗಳು ಸಾಲು ಹಿಡಿದು ಬಂದವು. ನನ್ನ ತಾಯಿ ಪಕ್ಕದವಳನ್ನು ತಿವಿದು ತೋರಿಸಿದಳು. ಇನ್ನೇನು ಪರೀಕ್ಷೆ ಬೇಕು? ಇರುವೆಗಳೇ ಹೇಳಿದವಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ಡಾಕ್ಟರು ನೀಲಿ ದ್ರಾವಣವಿದ್ದ ಗಾಜಿನ ನಳಿಗೆಗೆ ಬಾಟಲಿಯಿಂದ ಹನಿ ಬಿಟ್ಟು ದೀಪದ ಮೇಲೆ ಕಾಯಿಸಿದರು. ಸಕ್ಕರೆ ಇದ್ದರೆ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದಂತೆ. ತಿರುಗಲಿಲ್ಲ. ಇನ್ನೊಮ್ಮೆ ಕಾಯಿಸಿದರು. ನೀಲಿ ನೀಲಿಯಾಗಿಯೇ ಕುದಿಯಿತು. ಆಮೇಲೆ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ತಳದಲ್ಲಿ ಕರಗದ ಹರಳುಗಳು...

ಅವರು ನಕ್ಕುಬಿಟ್ಟರು. ಕೆಟ್ಟ ನಗುವಲ್ಲ, ಖುಷಿಯದೇ. “ಇದು ಅಂಗಡಿ ಸಕ್ಕರೆ ಕಣಮ್ಮ. ಇದಕ್ಕೆ ಬಣ್ಣ ತಿರುಗಲ್ಲ. ಮೈಯಿಂದ ಬರೋ ಸಕ್ಕರೆನೇ ಬೇರೆ. ನಿಮಗೆ ಯಾವ ಕಾಯಿಲೆನೂ ಇಲ್ಲ.”

ಓಣಿಯೂ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ‘ಕಣಮ್ಮ’ ಎಂಬುದನ್ನು ಆಗಲೇ ನಾಲಿಗೆಯ ಮೇಲೆ ಹೊರಳಿಸುತ್ತಿದ್ದೆ. ನಗು ಇಳಿಯುತ್ತಿದ್ದಾಗ ಎದುರು ಮನೆಯ ಅಕ್ಕ ಮೆತ್ತಗೆ ಕೇಳಿದಳು: “ಹಂಗಾದ್ರ ತಿಂಗಳಾ ಧಾರವಾಡಕ್ಕ ಯಾತಕ್ಕ ಹೋಗ್ತಿದ್ರಿ ಮಾವಶಿ?”

ಎಲ್ಲರ ಕಣ್ಣು ಬಾಗಿಲ ಕಡೆ ತಿರುಗಿತು. ಕಾಕಾ ಅಲ್ಲಿ ಬರೀ ಬನಿಯನ್ನಿನಲ್ಲಿ ನಿಂತಿದ್ದರು.

ಡಾಕ್ಟರು ತಾವು ಬರೆದದ್ದಕ್ಕೆ ಅಡ್ಡಗೀಟು ಎಳೆಯಲು ಹೋದಾಗ ಮಾವಶಿ ಅವರ ಪೆನ್ನಿನ ಮುಂದೆ ಕೈ ಅಡ್ಡ ಇಟ್ಟಳು, ಚಹಾದ ಕಪ್ಪಿಗೆ ಅಡ್ಡ ಇಡುತ್ತಿದ್ದ ಹಾಗೆಯೇ. “ಸಕ್ಕರಿ ಸುಳ್ಳರಿ ಸಾಹೇಬ್ರ. ಖರ್ಚು ಹೇಳೇನಲ್ರಿ, ಅದು ಖರೇ ಐತಿ. ಅದನ್ನ ಹೊಡೀಬ್ಯಾಡ್ರಿ.” ಡಾಕ್ಟರಿಗೆ ತಿಳಿಯಿತೋ ಇಲ್ಲವೋ. ತಾವು ಬಂದದ್ದು ಸಕ್ಕರೆ ಮತ್ತು ರಕ್ತದೊತ್ತಡದ ಲೆಕ್ಕಕ್ಕೆ, ಬೇರೆ ಯಾವುದೇ ಕಾಯಿಲೆಯ ಖರ್ಚು ಈ ಸಂಶೋಧನೆಯಲ್ಲಿ ಬರುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿ ಗೀಟು ಎಳೆದರು. ಹೊಲಿಗೆ ಯಂತ್ರ ಹೋಯಿತು, ಬೋರಮಾಳ ಹೋಯಿತು. ಎರಡನೆಯ ಸಲ.

ಹಳಿಯಾಳದವರು ತಾವಾಗಿ ಬಂದು ಏನೂ ಹೇಳಲಿಲ್ಲ; ಹುಡುಗ ಇಷ್ಟು ಬೇಗ ಮದುವೆ ಒಲ್ಲೆ ಅನ್ನುತ್ತಾನೆ ಎಂದು ಯಾರದೋ ಕೈಯಲ್ಲಿ ಹೇಳಿಕಳಿಸಿದರು. ನಳದ ಮುಂದೆ ಕೊಡಗಳು ಮಾವಶಿಯ ಕೊಡದಿಂದ ಸರಿದವು. ಕಾಕಾ ಕಟ್ಟೆಗೆ ಬಂದು ಕೂತರೆ ಪಕ್ಕದವರು ಎದ್ದು ಹೋಗುತ್ತಿರಲಿಲ್ಲ, ನಮ್ಮವರು ಅಷ್ಟು ಕೆಟ್ಟವರಲ್ಲ. ಒಂದು ಗೇಣು ಸರಿಯುತ್ತಿದ್ದರು, ಅಷ್ಟೆ.

ಇನ್ನೊಂದು ಸಂಬಂಧ ಬರಬೇಕಾದರೆ ಕಾಕಾರಿಗೆ ಏನೂ ಆಗಿಲ್ಲ ಎಂದು ಓಣಿಗೆ ಕಾಣಬೇಕಿತ್ತು. ಧಾರವಾಡದ ಬಸ್ಸಿನ ಹತ್ತಿರ ನಿಂತರೆ ಸಾಕು, ಸುದ್ದಿ ಮನೆಗೆ ಮೊದಲೇ ಬರುತ್ತಿತ್ತು. ಮಾವಶಿ ಹೋಗುವುದನ್ನು ನಿಲ್ಲಿಸಿದಳು. ಗುಳಿಗೆ ತೀರಿದವು. ಕಾಕಾ ಮತ್ತೆ ಗೋಡೆಗೆ ಉತ್ತರ ಕೊಡತೊಡಗಿದರು. ಒಂದು ಮಧ್ಯಾಹ್ನ ಪಾಳಿಗೆಂದು ಹೋದವರು ಖಾಲಿ ಲಾರಿಯೊಂದನ್ನು ಹತ್ತಿ ಜೋಯಿಡಾ ಕಡೆ ಹೋದರಂತೆ. ರಾಜ್ಯದ ಗಡಿಯ ಅನಮೋಡದ ನಾಕಾದ ಹತ್ತಿರ ಕಂಡೆ ಎಂದು ಒಬ್ಬ ಡ್ರೈವರು ಹೇಳಿದ. ಆಮೇಲೆ ಯಾರೂ ಕಾಣಲಿಲ್ಲ...

ಮಾವಶಿ ಮಗಳನ್ನು ಕರೆದುಕೊಂಡು ಚಿಗಳ್ಳಿಯಲ್ಲಿದ್ದ ತನ್ನ ತಮ್ಮನ ಮನೆಗೆ ಹೊರಟ ದಿನ ನನ್ನ ತಾಯಿ ಆಕೆಗೆ ಚಹಾ ಮಾಡಿ ಕೊಟ್ಟಳು, ಸಕ್ಕರೆ ಒಂದು ಚಮಚ ಮುಂದಾಗಿಯೇ ಹಾಕಿ. ಇನ್ನು ಮುಚ್ಚುಮರೆ ಯಾಕೆ ಎಂದು. ಮಾವಶಿ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟಳು. “ರೂಢಿ ತಪ್ಪೇತಿ ವೈನಿ. ಬಾಯಾಗ ಅಂಟಿದಂಗ ಆಗತೈತಿ.”

ಮಗಳನ್ನು ಮೊದಲ ಹೆಂಡತಿ ತೀರಿದವನೊಬ್ಬನಿಗೆ ಎರಡನೆಯ ಸಂಬಂಧಕ್ಕೆ ಕೊಟ್ಟರೆಂದು ಕೇಳಿದೆ. ಮಾವಶಿ ಹೋದ ವರ್ಷ ತೀರಿಕೊಂಡಳಂತೆ. ಯಾವ ಕಾಯಿಲೆಯಿಂದ ಎಂದು ಸುದ್ದಿ ತಂದವರಿಗೆ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಹಳಿಯಾಳದ ಅಂಗಡಿಯವನು ನನ್ನ ಗ್ಲಾಸು ಹಾಗೇ ಇರುವುದನ್ನು ನೋಡಿ ನಾಲಿಗೆ ಕಚ್ಚಿಕೊಂಡು, ಸಕ್ಕರೆಯ ಚಮಚ ಹಿಡಿದು ಬಂದ. ನನ್ನ ಅಂಗೈ ತಾನಾಗಿ ಗ್ಲಾಸಿನ ಮೇಲೆ ಕೂತಿತು. ಕುತ್ತಿಗೆ ವಾರೆಯಾಯಿತು. ಧ್ವನಿಯೂ ಆಕೆಯದೇ ಬಂತು: “ಬ್ಯಾಡೋ ತಮ್ಮಾ, ನನಗ ಸಕ್ಕರಿ ಐತಿ.”

ಬಾಕಿನ ಮೇಲೆ ಕೂತವರೆಲ್ಲ ನನ್ನ ಕಡೆ ತಿರುಗಿದರು. ಮುಂಡಗೋಡದ ಬಸ್ಸು ಕಾಯುತ್ತಿದ್ದ ಹಿರಿಯರೊಬ್ಬರು ಇಷ್ಟು ಸಣ್ಣ ವಯಸ್ಸಿಗೇ ಎಂದು ಲೊಚಗುಟ್ಟಿದರು. ಇನ್ನೊಬ್ಬರು ಮೆಂತ್ಯ ನೆನೆಸಿ ತಿನ್ನಲು ಹೇಳಿದರು, ಮತ್ತೊಬ್ಬರು ಹಾಗಲಕಾಯಿ ರಸ. ನಾನು ತಲೆಯಾಡಿಸುತ್ತ ಆ ಒಗರನ್ನು ಕುಡಿದು ಮುಗಿಸಿದೆ.

ನನ್ನ ಪಕ್ಕದಿಂದ ಯಾರೂ ಸರಿದು ಕೂಡಲಿಲ್ಲ.