ಮುಂದಿನ ಬ್ರೇಕ್ ಬಿಚ್ಚಿದ ಮನೆ

ಸರ್ಕಾರ ಎಂಟನೇ ತರಗತಿಯವರಿಗೆಲ್ಲ ಸೈಕಲ್ ಕೊಡುತ್ತಿದ್ದ ಕಾಲವದು. ಮೇಲೂರಿನ ಸುತ್ತಲಿನ ನಮ್ಮಂಥ ಹಳ್ಳಿಗಳಲ್ಲಿ ಆ ಸೈಕಲ್ ಬೆಳಿಗ್ಗೆ ಶಾಲೆಗೆ ಸೇರಿದ್ದು, ಸಂಜೆ ರೇಷ್ಮೆಹುಳುವಿಗೆ. ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಕ್ಯಾರಿಯರ್‌ಗೆ ಬಿಗಿದು ಹುಳುಮನೆಗೆ ಮುಟ್ಟಿಸುವುದು ಮಕ್ಕಳ ಕೆಲಸ. ನಡುವೆ ಸಿಗುವ ಸ್ವಲ್ಪ ಹೊತ್ತು ಮಾತ್ರ ನಮ್ಮದು. ಆಗ ಒಣಗಿದ ಕೆರೆಯಂಗಳದಲ್ಲಿ ಡಿಕ್ಕಿ ಆಟ. ಎರಡು ಸೈಕಲ್‌ಗಳು ಎದುರುಬದುರಾಗಿ ನುಗ್ಗಬೇಕು. ಮೊದಲು ಬ್ರೇಕ್ ಹಿಡಿದವರು ಸೋತಂತೆ. ಮಂಡಿ ಕಿತ್ತುಹೋಗುತ್ತಿತ್ತು, ತುಟಿ ಒಡೆಯುತ್ತಿತ್ತು. ಬಾಯಿಗೆ ಬಂದ ರಕ್ತ ಉಗಿದು, ಮಣ್ಣಿನ ವಾಸನೆಯ ಹಸಿ ಕಡಲೆಕಾಯಿ ಸುಲಿದು ತಿಂದು, ಮತ್ತೆ ನುಗ್ಗುತ್ತಿದ್ದೆವು.

ಒಂದು ಸಂಜೆ ಚಿಕ್ಕಪ್ಪನ ಮಗ ನವೀನ ನನ್ನೆದುರು ಬಂದ.

"ಪಕ್ಕಕ್ಕೆ ಹೋಗೇ ಶೈಲಾ, ಆಮೇಲೆ ಅಳ್ತೀಯ."

"ನಿಮ್ಮಪ್ಪ ಬಂದ್ರೂ ಹೋಗಲ್ಲ ಕಣೋ."

ಕೊನೆಯ ಗಳಿಗೆಯಲ್ಲಿ ಹೆದರಿದವನು ಅವನೇ. ಬಲಗೈಯ ಬ್ರೇಕನ್ನು ಮಾತ್ರ ಗಕ್ಕನೆ ಹಿಂಡಿದ. ಮುಂದಿನ ಚಕ್ರ ನೆಟ್ಟಂತೆ ನಿಂತಿತು, ಹಿಂದಿನದು ಮೇಲೆದ್ದಿತು, ನವೀನ ಹ್ಯಾಂಡಲ್ ಮೇಲಿಂದ ಹಾರಿ ಮುಖ ಅಡಿಯಾಗಿ ಬಿದ್ದ. ಅವನ ಎರಡು ಹಲ್ಲು ಮಣ್ಣಿನಲ್ಲೇ ಉಳಿದವು.

ಚಿಕ್ಕಪ್ಪ ಮೊದಲು ಮಗನಿಗೆ ಬಾರಿಸಿದರು. ಆಮೇಲೆ ಸ್ಪ್ಯಾನರ್ ತಂದು ಮನೆಯ ಎಲ್ಲ ಸೈಕಲ್‌ಗಳ ಮುಂದಿನ ಬ್ರೇಕ್ ಬಿಚ್ಚಿಹಾಕಿದರು. "ಎತ್ತಿ ಬಿಸಾಕೋದು ಇದೇ ಕಣ್ರಪ್ಪ. ಹಿಂದಿನ್ದೊಂದಿದ್ರೆ ಸಾಕು."

ಆ ಹಿಂದಿನದರ ಸ್ಥಿತಿಯೂ ಚೆನ್ನಾಗಿರಲಿಲ್ಲ. ಹುಳುಮನೆಗೆ ಹೊಗೆಸೊಪ್ಪಿನ, ಸೀಮೆಎಣ್ಣೆಯ ವಾಸನೆ ಸೋಕಬಾರದೆಂಬ ಕಟ್ಟುನಿಟ್ಟು ಎಲ್ಲ ರೇಷ್ಮೆ ಮನೆಗಳಲ್ಲೂ ಉಂಟು. ಅದಕ್ಕೆ ಕಾರಣವೂ ಉಂಟು, ಅಂಥ ವಾಸನೆಗೆ ಹುಳು ಸಾಯುತ್ತವೆ. ಚಿಕ್ಕಪ್ಪ ಆ ನಿಯಮವನ್ನು ಸೈಕಲ್‌ವರೆಗೂ ಎಳೆದಿದ್ದರು. ಸೊಪ್ಪು ಹೊರುವ ಸೈಕಲ್‌ಗೆ ಒಂದು ಹನಿ ಎಣ್ಣೆ ಬಿಡುವಂತಿರಲಿಲ್ಲ. ಒದ್ದೆ ಸೊಪ್ಪಿನ ನೀರು ಸೋರಿ ಸೋರಿ ಬ್ರೇಕ್ ತಂತಿ ತನ್ನ ಕೊಳವೆಯೊಳಗೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

"ಚಿಕ್ಕಪ್ಪ, ಬ್ರೇಕ್ ಹಿಡೀತಿಲ್ಲ" ಎಂದು ದೂರಿದೆ.

"ಕಾಲೂರಿ ನಿಲ್ಸಮ್ಮ. ದೇವ್ರು ಕಾಲು ಕೊಟ್ಟಿಲ್ವಾ?"

ಹುಳುಗಳು ಗೂಡು ಕಟ್ಟುವ ಮುಂಚಿನ ಮಹಾ ಹಸಿವಿನ ದಿನಗಳವು. ಹೊರೆ ಎಂದಿಗಿಂತ ದೊಡ್ಡದಿತ್ತು. ಕೆರೆ ಏರಿಯಿಂದ ಶಿಡ್ಲಘಟ್ಟದ ರಸ್ತೆಗೆ ಇಳಿಯುವ ಕಡಿದಾದ ದಾರಿಯಲ್ಲಿ ಸೈಕಲ್ ನನ್ನ ಹಿಡಿತ ತಪ್ಪಿತು. ಬ್ರೇಕ್ ಹಿಂಡಿದೆ, ಕಲ್ಲಿನಂತಿತ್ತು. ಕಾಲೂರಿದೆ, ಚಪ್ಪಲಿ ಹಾರಿತು, ಹಿಮ್ಮಡಿಯ ಚರ್ಮ ಡಾಂಬರಿಗೆ ಅಂಟಿತು. ಚಿಂತಾಮಣಿ ಕಡೆಯಿಂದ ಬರುತ್ತಿದ್ದ ಟೊಮೆಟೊ ಟೆಂಪೋ ನನ್ನನ್ನು ಉಳಿಸಲು ಒಮ್ಮೆಲೇ ಪಕ್ಕಕ್ಕೆ ತಿರುಗಿ ಚರಂಡಿಗೆ ವಾಲಿತು. ನಾನು ಅದರ ಹಿಂಬದಿಗೆ ಬಡಿದು ಬಿದ್ದೆ. ಬಲಮೊಣಕೈಯಲ್ಲಿ ಬಿಳಿಯ ಮೂಳೆ ಕಾಣುತ್ತಿತ್ತು. ಸುತ್ತಲೂ ಅಪ್ಪಚ್ಚಿಯಾದ ಟೊಮೆಟೊ. ಯಾವುದು ಹಣ್ಣಿನ ರಸ, ಯಾವುದು ನನ್ನ ರಕ್ತವೆಂದು ತಿಳಿಯಲಿಲ್ಲ.

ತೋಟಗಳಿಂದ ಜನ ಓಡಿಬಂದರು, ಚಿಕ್ಕಪ್ಪ, ನವೀನ ಕೂಡ. ಯಾರೂ ನನ್ನ ಬಳಿ ಬರಲಿಲ್ಲ. ಟೆಂಪೋದ ಬಾಗಿಲಿಗೆ ಹೋದರು. ಡ್ರೈವರ್ ವೆಂಕಟರಮಣಪ್ಪನನ್ನು ಚಿಕ್ಕಪ್ಪ ಕೊರಳಪಟ್ಟಿ ಹಿಡಿದು ಹೊರಗೆಳೆದರು.

"ಪಾಪೂನೇ ಅಡ್ಡ ಬಂತು ಸಾಮಿ, ನಾನು ತಪ್ಪಿಸ್ದೆ" ಎಂದು ಅವರು ಕೈಮುಗಿದರು.

"ತಪ್ಪಿಸಿದ್ನಂತೆ. ಹಾಕ್ರೋ ಇವ್ನಿಗೆ."

ಒದೆಗಳು ಬಿದ್ದವು. ಚಿಕ್ಕಪ್ಪ ನನ್ನದೇ ಹೊರೆಯಿಂದ ದಪ್ಪನೆಯ ಹಿಪ್ಪುನೇರಳೆ ಕಡ್ಡಿ ಎಳೆದುಕೊಂಡು ಅವರ ಎಡಗಿವಿಯ ಮೇಲೆ ಬೀಸಿದರು. ಮತ್ತೆ ಬೀಸಿದರು. ಕಿವಿಯಿಂದ ರಕ್ತ ಕುತ್ತಿಗೆಗಿಳಿಯಿತು.

"ಬಿಡಿ ಚಿಕ್ಕಪ್ಪ, ಅವ್ರು ನನ್ನ ಉಳಿಸಿದ್ರು. ನನ್ನ ಸೈಕಲ್‌ಗೆ ಬ್ರೇಕಿಲ್ಲ" ಎಂದು ಅರಚಿದೆ.

"ಏಟಿಗೆ ಮಗು ಏನೇನೋ ಒದರ್ತೈತೆ" ಎಂದನೊಬ್ಬ.

ಮಾತಿಗೆ ಬೆಲೆಯಿಲ್ಲದ ಕಡೆ ಸಾಕ್ಷ್ಯವನ್ನೇ ಮುಂದಿಡಬೇಕೆಂದು ಅಂದು ಯಾರೂ ನನಗೆ ಕಲಿಸಿರಲಿಲ್ಲ. ಆ ಮನುಷ್ಯ ಸಾಯುತ್ತಾನೆಂಬ ಭಯ ಕಲಿಸಿತು. ತೆವಳಿ ಹೋಗಿ, ಮಗುಚಿ ಬಿದ್ದ ಸೈಕಲ್‌ನ ಪೆಡಲನ್ನು ಎಡಗೈಯಿಂದ ರಭಸವಾಗಿ ತಿರುಗಿಸಿದೆ. "ನವೀನ, ಬ್ರೇಕ್ ಹಿಡಿಯೋ" ಎಂದೆ. ಅವನು ಎರಡೂ ಕೈಯಿಂದ ಹಿಂಡಿದ. ಚಕ್ರ ಗಿರಗಿರನೆ ತಿರುಗುತ್ತಲೇ ಇತ್ತು.

"ಅಪ್ಪ, ನೋಡಪ್ಪ ಇಲ್ಲಿ. ನಿಂತ್ಕೊಳ್ತಾನೇ ಇಲ್ಲ" ಎಂದ ನವೀನ, ಹಲ್ಲಿಲ್ಲದ ಬಾಯಲ್ಲಿ.

ಚಕ್ರ ತಾನಾಗಿ ನಿಲ್ಲುವವರೆಗೆ ಎಲ್ಲರೂ ನೋಡಿದರು. ಚಿಕ್ಕಪ್ಪನ ಕೈಯಿಂದ ಕಡ್ಡಿ ಜಾರಿತು. ಯಾರೂ ಕ್ಷಮೆ ಕೇಳಲಿಲ್ಲ. ಟೆಂಪೋ ಎತ್ತಿ ನಿಲ್ಲಿಸಿ, ಒಡೆಯದ ಹಣ್ಣನ್ನು ಸೆರಗಿಗೆ, ಪಂಚೆಗೆ ತುಂಬಿಕೊಂಡು ಹೊರಟರು. ಮರುದಿನ ನಮ್ಮ ಬೀದಿಯೆಲ್ಲ ಟೊಮೆಟೊ ಗೊಜ್ಜಿನ ಒಗ್ಗರಣೆಯ ಘಮ.

ಕೈಬ್ರೇಕ್ ಬಳಸುವ ವಿದ್ಯೆ ಎಷ್ಟು ಸಣ್ಣದೆಂದು ಈಗ ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ತೋರಿಸುತ್ತೇನೆ. ಎರಡೂ ಬ್ರೇಕ್ ಬೇಕು. ಹಿಂದಿನದನ್ನು ತುಸು ಮೊದಲು, ಮುಂದಿನದನ್ನು ಮೆಲ್ಲಗೆ, ಮೈಯನ್ನು ಹಿಂದಕ್ಕೆ ಸರಿಸಿ. ಇಳಿಜಾರಾದರೆ ವೇಗ ಏರುವ ಮೊದಲೇ. ತಂತಿಗೆ ಎಣ್ಣೆ, ರಬ್ಬರ್‌ಗೆ ಮಾತ್ರ ಬೇಡ. ಇಷ್ಟನ್ನು ಸೈಕಲ್ ಕೊಟ್ಟವರೂ ಹೇಳಲಿಲ್ಲ, ಬ್ರೇಕ್ ಬಿಚ್ಚಿದವರೂ ಹೇಳಲಿಲ್ಲ. ಕಲಿಸಬೇಕಾದ ಕಡೆ ನಾವು ಹೊಡೆದೆವು: ಮೊದಲು ಮಗುವನ್ನು, ಕೊನೆಗೆ ದಾರಿಹೋಕನನ್ನು.

ಕೆರೆಯಂಗಳದ ಆಟ, ಸೊಪ್ಪಿನ ಹಸಿವಾಸನೆ ನನ್ನ ಪಾಲಿಗೆ ಮುಗಿದವು. ಅವುಗಳ ಕೊರಗು ಸಹಿಸಬಲ್ಲೆ. ಕಳೆದ ವರ್ಷ ಕೈವಾರದ ಬಸ್ ನಿಲ್ದಾಣದಲ್ಲಿ ವೆಂಕಟರಮಣಪ್ಪನವರನ್ನು ಕಂಡೆ. ಹೂವು ಮಾರುತ್ತಿದ್ದರು. ಗುರುತು ಹೇಳಿಕೊಂಡು ಅವರ ಎಡಪಕ್ಕದಲ್ಲಿ ಕುಳಿತೆ. ಟೆಂಪೋ ಬಿಟ್ಟಿರೇಕೆ ಎಂದು ಕೇಳಿ, ಇಷ್ಟು ವರ್ಷ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಹೇಳಿ ಮುಗಿಸಿದೆ. ಅವರು ಹೂವು ಕಟ್ಟುತ್ತಲೇ ಇದ್ದರು. ಕೊನೆಗೆ ತಲೆಯೆತ್ತಿ, ನನ್ನ ತುಟಿ ಅಲುಗಿದ್ದನ್ನು ಗಮನಿಸಿ, ತಮ್ಮ ಬಲಗಡೆಯ ಜಾಗ ತೋರಿಸಿದರು.

"ಈ ಪಕ್ಕ ರಾಮ್ಮ," ಎಂದರು. "ಆ ಕಿವೀಲಿ ಏನೂ ಕೇಳಲ್ಲ."